ಡಂಗುರವೇ ಬೇರೆ, ಕಟ್ಟೆಯೇ ಬೇರೆ: ಏಳುನೂರು ಜನರ ಮೇಳಕ್ಕೆ ಯಾವ ಡಿಜಿಟಲ್ ವೇದಿಕೆ?

ಪ್ರಶ್ನೆ: ನಮ್ಮ ರೈತ ಉತ್ಪಾದಕರ ಸಂಘ ಮತ್ತು ಊರಿನ ಒಂದು ಕಾಲೇಜು ಸೇರಿ ಡಿಸೆಂಬರ್‌ನಲ್ಲಿ ಗದಗಿನಲ್ಲಿ ಎರಡು ದಿನಗಳ ದೇಸಿ ಬೀಜ ಮತ್ತು ಸಿರಿಧಾನ್ಯ ಮೇಳ ನಡೆಸುತ್ತಿದ್ದೇವೆ. ಹೆಸರು ನೋಂದಾಯಿಸಿದವರೇ ಸುಮಾರು 700 ಜನ ಆಗಬಹುದು. ರೋಣ, ನರಗುಂದ, ಮುಂಡರಗಿ, ಶಿರಹಟ್ಟಿ ಕಡೆಯ ರೈತರು, ಮಹಿಳಾ ಸ್ವಸಹಾಯ ಸಂಘದವರು, ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳು, 45 ಮಳಿಗೆಯವರು, ಹೊರ ಊರುಗಳ ಹತ್ತು-ಹನ್ನೆರಡು ಭಾಷಣಕಾರರು. ಸಮಿತಿಯ ಹುಡುಗರು ಮೇಳಕ್ಕೆಂದೇ ಒಂದು ಆ್ಯಪ್ ಮಾಡಿಸೋಣ ಎನ್ನುತ್ತಾರೆ. ಕಾರ್ಯದರ್ಶಿಗಳು ಒಂದು ವಾಟ್ಸ್‌ಆ್ಯಪ್ ಗುಂಪು ಸಾಕು ಎನ್ನುತ್ತಾರೆ. ಅಧ್ಯಕ್ಷರ ಪ್ರಕಾರ ಆಮಂತ್ರಣ ಪತ್ರಿಕೆ ಮುದ್ರಿಸಿ ಹಂಚಿದರೆ ಕೆಲಸ ಮುಗಿಯಿತು. ಸಂವಹನದ ಹೊಣೆ ನನ್ನ ತಲೆಯ ಮೇಲಿದೆ. ಯಾವುದನ್ನು ಆರಿಸಲಿ?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಸಮಿತಿಯಲ್ಲಿ ಮೂರು ಪಕ್ಷಗಳಿವೆ, ಮೂರಕ್ಕೂ ಅಷ್ಟಿಷ್ಟು ಸತ್ಯ ಗೊತ್ತಿದೆ. ಆದರೆ ಮೂವರೂ ಉತ್ತರ ಹಿಡಿದುಕೊಂಡು ಪ್ರಶ್ನೆ ಹುಡುಕುತ್ತಿದ್ದಾರೆ. ಮುಂದಿನ ಸಭೆಯಲ್ಲಿ ಅವರ ಮುಂದೆ ಒಂದೇ ಒಂದು ಪ್ರಶ್ನೆ ಇಡಿ. ಮೇಳದ ದಿನ ಬೆಳಗಿನ ಆರು ಗಂಟೆ. ರಾತ್ರಿ ಬಿದ್ದ ಅಕಾಲಿಕ ಮಳೆಗೆ ಮೈದಾನ ಕೆಸರಾಗಿದೆ, ಕಾರ್ಯಕ್ರಮವನ್ನು ಸಭಾಂಗಣಕ್ಕೆ ಸಾಗಿಸಬೇಕು. ಹತ್ತು ಗಂಟೆಯೊಳಗೆ 700 ಜನರಿಗೂ ಈ ಸುದ್ದಿ ಮುಟ್ಟಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆ ಯಾವುದೋ ಅದೇ ನಿಮ್ಮ ವೇದಿಕೆ. ಕರೆಯುವುದು, ನೆನಪಿಸುವುದು, ಫೋಟೊ ಹಂಚುವುದು ಯಾವ ಆ್ಯಪಿನಿಂದಲಾದರೂ ಆಗುತ್ತದೆ.

ನನಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಧಾರವಾಡದಲ್ಲಿ ಒಂದು ಕಾರ್ಯಾಗಾರದ ಉಸ್ತುವಾರಿ ನನ್ನದಾಗಿತ್ತು. ಜಿಟಿಜಿಟಿ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಸಭಾಂಗಣದ ಛಾವಣಿಯಿಂದ ಫ್ಯಾನಿನ ಮೇಲೆಯೇ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕಿಲೋಮೀಟರ್ ಆಚೆ ಇನ್ನೊಂದು ಹಾಲ್ ಸಿಕ್ಕಿತು. 6.40ಕ್ಕೆ ಗುಂಪಿನಲ್ಲಿ ಸಂದೇಶ ಹಾಕಿ, ಕೈತೊಳೆದುಕೊಂಡವನಂತೆ ಚಹಾ ಕುಡಿಯಲು ಹೋದೆ. ಅಷ್ಟರಲ್ಲಿ ಗುಂಪಿನಲ್ಲಿ ಗುಲಾಬಿಯೊಂದಿಗೆ ಒಂದು ಶುಭೋದಯ ಬಂತು. ಅದಕ್ಕೆ ಉತ್ತರವಾಗಿ ಇನ್ನಷ್ಟು ಶುಭೋದಯಗಳು ಬಂದವು. ಯಾರದೋ ಮೊಮ್ಮಗನ ಹುಟ್ಟುಹಬ್ಬ ಬೇರೆ. ಹತ್ತು ಗಂಟೆಗೆ ಹಳೆಯ ಸಭಾಂಗಣದ ಗೇಟಿನ ಮುಂದೆ ನಲವತ್ತು ಜನ ಕೊಡೆ ಹಿಡಿದು ನಿಂತಿದ್ದರು. ಕಲಘಟಗಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಹಿರಿಯರೊಬ್ಬರು ಸಿಟ್ಟಾಗಲಿಲ್ಲ. ಮೊಬೈಲ್ ನನ್ನ ಕೈಗೆ ಕೊಟ್ಟು, ‘ಇದರಲ್ಲಿ ಐವತ್ತೆಂಟು ಹೂವುಗಳಿವೆ. ನಿಮ್ಮ ಮಾತು ಯಾವ ಹೂವಿನ ಕೆಳಗಿದೆ, ನೀವೇ ಹುಡುಕಿ ಕೊಡಿ’ ಎಂದರು. ನಾನು ಬೆರಳಾಡಿಸಿ ಹುಡುಕುತ್ತಾ ನಿಂತೆ, ಅವರು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತರು. ಅವರು ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಆ ಸಂಜೆ ಯೋಚಿಸಿದಾಗ ಹೊಳೆದದ್ದು ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಈ ಎರಡು ಕೆಲಸಗಳನ್ನು ಹಿಂದಿನಿಂದಲೂ ಬೇರೆಬೇರೆಯಾಗಿಯೇ ಇಟ್ಟಿದ್ದರು. ಡಂಗುರ ಸಾರುವವನು ಓಣಿಯ ಮೂಲೆಯಲ್ಲಿ ನಿಂತು ಹಲಗೆ ಬಾರಿಸುತ್ತಿದ್ದ, ಒಂದೇ ಮಾತನ್ನು ಪ್ರತಿ ಮೂಲೆಯಲ್ಲೂ ಅದೇ ಪದಗಳಲ್ಲಿ ಹೇಳುತ್ತಿದ್ದ, ಮುಂದಿನ ಓಣಿಗೆ ಹೋಗುತ್ತಿದ್ದ. ಹಲಗೆಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ಚರ್ಚೆ, ಸಂಶಯ, ತಕರಾರು, ಕುಶಾಲು ಎಲ್ಲ ಸಂಜೆ ಕಟ್ಟೆಯ ಮೇಲೆ. ನಾವು ಮಾಡುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಟ್ಟೆಯ ಮೇಲೆ ನಿಂತೇ ಡಂಗುರ ಬಾರಿಸುತ್ತಿರುತ್ತೇವೆ, ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ಮೇಳಕ್ಕೆ ಡಂಗುರಕ್ಕೊಂದು ಜಾಗ ಮಾಡಿ, ಕಟ್ಟೆಗೊಂದು ಜಾಗ ಮಾಡಿ, ಒಂದರ ಕೆಲಸ ಇನ್ನೊಂದರಲ್ಲಿ ಆಗದಂತೆ ನೋಡಿಕೊಳ್ಳಿ. ಮುಂದೆ ಹೇಳುವುದೆಲ್ಲ ಇದನ್ನು ಮಾಡುವ ಬಗೆ.

ಮೊದಲು ನಿಮ್ಮ ಜನ. 700 ಎನ್ನುವುದು ತಲೆಗಳ ಲೆಕ್ಕ, ಫೋನುಗಳ ಲೆಕ್ಕವಲ್ಲ. ನೋಂದಣಿ ಅರ್ಜಿಯಲ್ಲಿ ‘ಮೊಬೈಲ್ ಸಂಖ್ಯೆ’ ಎಂದು ಒಂದೇ ಸಾಲು ಬಿಟ್ಟರೆ ಬರುವುದು ಅರ್ಧ ಮಾಹಿತಿ. ಅದರ ಕೆಳಗೆ ಎರಡು ಸಣ್ಣ ಪ್ರಶ್ನೆ ಸೇರಿಸಿ: ಈ ಸಂಖ್ಯೆಯಲ್ಲಿ ವಾಟ್ಸ್‌ಆ್ಯಪ್ ಇದೆಯೇ? ಈ ಫೋನ್ ಹಗಲು ಹೊತ್ತು ಯಾರ ಬಳಿ ಇರುತ್ತದೆ? ಎರಡನೆಯ ಪ್ರಶ್ನೆ ನೋಡಿ ಸಮಿತಿಯಲ್ಲಿ ಯಾರಾದರೂ ನಕ್ಕರೆ ನಗಲಿ. ನನ್ನ ಅನುಭವದಲ್ಲಿ ಸ್ವಸಹಾಯ ಸಂಘದ ಎಷ್ಟೋ ಮಹಿಳೆಯರು ಕೊಡುವುದು ಗಂಡನ ಅಥವಾ ಮಗನ ಸಂಖ್ಯೆ. ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದರೆ ನಿಮ್ಮ ಸಂದೇಶ ಹುಬ್ಬಳ್ಳಿಗೆ ಹೋಗುತ್ತದೆ, ತಾಯಿ ಮುಂಡರಗಿಯ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾಳೆ. ಇಂಥವರಿಗೆ ಒಂದು ಸಂಘಕ್ಕೆ ಒಬ್ಬ ಪ್ರತಿನಿಧಿ ಎಂದು ಗೊತ್ತು ಮಾಡಿ, ಆಕೆಯ ಕೈಯಲ್ಲೇ ಇರುವ ಸಂಖ್ಯೆ ಪಡೆಯಿರಿ. ಉಳಿದವರಿಗೆ ಆಕೆ ಹೇಳುತ್ತಾಳೆ, ನಿಮ್ಮ ಸಂದೇಶಕ್ಕಿಂತ ಚೆನ್ನಾಗಿಯೇ ಹೇಳುತ್ತಾಳೆ.

ಹೀಗೆ ಕೇಳಿದರೆ ಪಟ್ಟಿ ತಾನಾಗಿ ಮೂರು ಗುಡ್ಡೆಯಾಗುತ್ತದೆ. ಸ್ಮಾರ್ಟ್‌ಫೋನ್ ಕೈಯಲ್ಲಿರುವವರು, ಕೀಪ್ಯಾಡ್ ಫೋನಿನವರು, ಬೇರೆಯವರ ಮೂಲಕ ಸಿಗುವವರು. ಮೊದಲ ಗುಡ್ಡೆಯೇ ದೊಡ್ಡದು, ಅದಕ್ಕೆ ವಾಟ್ಸ್‌ಆ್ಯಪ್ಪೇ ಸರಿ. ಕಾರ್ಯದರ್ಶಿಗಳ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ವಾಟ್ಸ್‌ಆ್ಯಪ್ಪಿನೊಳಗೇ ನಾಲ್ಕು ಬಾಗಿಲುಗಳಿವೆ, ನಾಲ್ಕೂ ಬೇರೆ ಬೇರೆ ಅಂಗಳಕ್ಕೆ ತೆರೆಯುತ್ತವೆ.

ಗುಂಪು ನಿಮಗೆ ಗೊತ್ತೇ ಇದೆ. ಈಗ ಒಂದು ಗುಂಪಿನಲ್ಲಿ 1,024 ಜನ ಹಿಡಿಸುತ್ತಾರೆ, ಆದ್ದರಿಂದ ನಿಮ್ಮ 700 ಜನರೂ ಒಂದರಲ್ಲೇ ಕೂರುತ್ತಾರೆ. ಕೂರಿಸಬೇಡಿ. ಗದ್ದಲದ ಮಾತು ಬಿಡಿ, ಅಡ್ಮಿನ್‌ಗಳಷ್ಟೇ ಸಂದೇಶ ಕಳುಹಿಸುವಂತೆ ಸೆಟ್ಟಿಂಗ್ ಬದಲಿಸಿ ಅದನ್ನು ನಿಲ್ಲಿಸಬಹುದು. ನಿಲ್ಲಿಸಲಾಗದ್ದು ಬೇರೆ ಇದೆ. ಗುಂಪಿನಲ್ಲಿರುವ ಪ್ರತಿಯೊಬ್ಬರ ಸಂಖ್ಯೆಯೂ ಉಳಿದ ಎಲ್ಲರಿಗೂ ಕಾಣುತ್ತದೆ. ನನಗೆ ಗೊತ್ತಿರುವ ಒಂದು ಶಿಬಿರದಲ್ಲಿ ಹೀಗೆ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಶಿಬಿರ ಮುಗಿದ ವಾರದೊಳಗೆ ಇಬ್ಬರು ವಿದ್ಯಾರ್ಥಿನಿಯರಿಗೆ ರಾತ್ರಿ ಹೊತ್ತು ಅಪರಿಚಿತ ಕರೆಗಳು ಶುರುವಾದವು. ಗುಂಪು ಅಳಿಸಿದರು, ಆದರೆ ಸಂಖ್ಯೆಗಳು ಆಗಲೇ ಯಾರ್‍ಯಾರದೋ ಫೋನಿನಲ್ಲಿ ಕುಳಿತಿದ್ದವು. ವಿದ್ಯಾರ್ಥಿನಿಯರು, ಸಂಘದ ಮಹಿಳೆಯರು ಬರುವ ಕಾರ್ಯಕ್ರಮಕ್ಕೆ ಇದೊಂದೇ ಕಾರಣ ಸಾಕು, ದೊಡ್ಡ ಗುಂಪು ಬೇಡ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಸಂಖ್ಯೆ ಗುಟ್ಟಾಗಿರುತ್ತದೆ, ಸಂದೇಶ ಒಬ್ಬೊಬ್ಬರಿಗೂ ಖಾಸಗಿಯಾಗಿ ಹೋದಂತೆ ಹೋಗುತ್ತದೆ. ಆದರೆ ಒಂದು ಪಟ್ಟಿಗೆ 256 ಜನರ ಮಿತಿ. ಇನ್ನೂ ದೊಡ್ಡ ತೊಡಕೆಂದರೆ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಉಳಿಸಿಕೊಳ್ಳದವರಿಗೆ ಹೋಗುವುದೇ ಇಲ್ಲ, ಹೋಗಲಿಲ್ಲ ಎಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಭಾಷಣಕಾರರಿಗೆ, ಸ್ವಯಂಸೇವಕರಿಗೆ ಇದು ಚೆನ್ನ. ರೈತರಿಗೆ ನಂಬಬೇಡಿ.

ಚಾನೆಲ್ ಎಂಬುದು 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಜನರ ಸಂಖ್ಯೆಗೆ ಮಿತಿಯಿಲ್ಲ, ಫೋನ್ ಸಂಖ್ಯೆಗಳು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಕೇಳಿದರೆ ಇದೇ ಸರಿಯಾದ ಡಂಗುರ ಎನಿಸುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಚಾನೆಲಿನ ಸಂದೇಶ ಚಾಟ್‌ಗಳ ಸಾಲಿನಲ್ಲಿ ಬರುವುದಿಲ್ಲ, ‘ಅಪ್‌ಡೇಟ್ಸ್’ ಎಂಬ ಬೇರೆ ಪುಟದಲ್ಲಿ ಬಂದು ಕೂರುತ್ತದೆ. ಸೇರಿದವರು ತಾವಾಗಿ ಗಂಟೆಯ ಗುರುತನ್ನು ಒತ್ತದಿದ್ದರೆ ಸದ್ದೂ ಆಗುವುದಿಲ್ಲ. ಮೇಳದ ಕರೆ, ಮಳಿಗೆಗಳ ಪರಿಚಯ, ಎರಡನೇ ದಿನದ ಫೋಟೊ ಇವಕ್ಕೆಲ್ಲ ಚಾನೆಲ್ ಒಳ್ಳೆಯದೇ. ಬೆಳಗಿನ ಆರು ಗಂಟೆಯ ಸುದ್ದಿಯನ್ನು ಅಲ್ಲಿ ಹಾಕಿದರೆ ಅದು ಬಟ್ಟೆ ಸುತ್ತಿದ ಹಲಗೆ ಬಾರಿಸಿದಂತೆ.

ಉಳಿದದ್ದು ಕಮ್ಯುನಿಟಿ. ನಿಮಗೆ ನಾನು ಹೇಳುವುದು ಇದನ್ನೇ. ಇದರಲ್ಲಿ ಮೇಲೆ ಒಂದು ಪ್ರಕಟಣೆಯ ಗುಂಪು ಇರುತ್ತದೆ, ಅಲ್ಲಿ ಅಡ್ಮಿನ್‌ಗಳು ಮಾತ್ರ ಮಾತಾಡುತ್ತಾರೆ, ಸಂದೇಶ ಮಾಮೂಲಿ ಚಾಟ್‌ನಂತೆಯೇ ಬಂದು ಸದ್ದು ಮಾಡುತ್ತದೆ, ಸದಸ್ಯರ ಸಂಖ್ಯೆಗಳು ಪರಿಚಯವಿಲ್ಲದ ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಅದರ ಕೆಳಗೆ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಬಹುದು. ಮೇಲಿನದು ಡಂಗುರ, ಕೆಳಗಿನವು ಕಟ್ಟೆಗಳು. ರೋಣದವರಿಗೊಂದು, ನರಗುಂದದವರಿಗೊಂದು, ಮಳಿಗೆಯವರಿಗೊಂದು, ವಿದ್ಯಾರ್ಥಿಗಳಿಗೊಂದು. ಸಣ್ಣ ಗುಂಪಿನೊಳಗೆ ಸಂಖ್ಯೆ ಕಾಣುತ್ತದೆ ಎನ್ನುವುದು ನೆನಪಿರಲಿ. ಮಹಿಳಾ ಸಂಘಗಳ ಪ್ರತಿನಿಧಿಗಳ ಗುಂಪಿಗೆ ಮಹಿಳೆಯೇ ಅಡ್ಮಿನ್ ಆಗಿರಲಿ, ಬೇರೆ ಯಾರನ್ನೂ ಸೇರಿಸಬೇಡಿ. ಮಳಿಗೆಯವರ ಗುಂಪಿನಲ್ಲಿ ಮಾತ್ರ ಬಾಯಿಗೆ ಬೀಗ ಹಾಕಬೇಡಿ. ಟೇಬಲ್ ಎಷ್ಟು, ಕರೆಂಟ್ ಪಾಯಿಂಟ್ ಎಲ್ಲಿ, ಗಾಡಿ ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗಳು ಎಲ್ಲರದೂ ಒಂದೇ, ಒಬ್ಬರಿಗೆ ಕೊಟ್ಟ ಉತ್ತರ 44 ಜನರ ಕರೆ ಉಳಿಸುತ್ತದೆ.

ಒಂದು ಎಚ್ಚರಿಕೆ. ಸಮಿತಿಯ ಯಾರ ಸ್ವಂತ ಸಂಖ್ಯೆಯಿಂದಲೂ ಇದನ್ನು ನಡೆಸಬೇಡಿ, ಮೇಳ ಮುಗಿದ ಮೂರು ವರ್ಷದ ಮೇಲೂ ಜೋಳದ ಬೀಜ ಕೇಳಿ ಅವರಿಗೆ ಕರೆ ಬರುತ್ತಿರುತ್ತದೆ. ಒಂದು ಹೊಸ ಸಿಮ್ ಕೊಂಡು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಅದು ಉಚಿತ, ಪದೇ ಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಉಳಿಸಿಟ್ಟುಕೊಳ್ಳಬಹುದು, ರಾತ್ರಿ ಬಂದ ಸಂದೇಶಕ್ಕೆ ತಾನಾಗಿ ಒಂದು ಉತ್ತರ ಹೋಗುವಂತೆಯೂ ಮಾಡಬಹುದು. ಆದರೆ ಸಿಮ್ ಕೊಂಡ ದಿನವೇ ಅಪರಿಚಿತ 700 ಜನರಿಗೆ ಸಂದೇಶ ಸುರಿಯಬೇಡಿ. ನಾಲ್ಕಾರು ಜನ ‘ಸ್ಪ್ಯಾಮ್’ ಎಂದು ದೂರಿತ್ತರೆ ಸಂಖ್ಯೆಯೇ ನಿಂತುಹೋಗಬಹುದು. ತಿಂಗಳ ಮೊದಲೇ ಶುರು ಮಾಡಿ, ಸೇರುವ ಲಿಂಕ್ ಕೊಟ್ಟು ಜನ ತಾವಾಗಿ ಬರುವಂತೆ ಮಾಡಿ.

ಇನ್ನು ಎರಡನೇ ಗುಡ್ಡೆ, ಕೀಪ್ಯಾಡ್ ಫೋನಿನವರು. ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ‘ಬಲ್ಕ್ ಎಸ್‌ಎಂಎಸ್ ಕಳುಹಿಸೋಣ’. ಕಳುಹಿಸಬಹುದು, ಆದರೆ ಅದು ಸಮಿತಿಯವರು ಅಂದುಕೊಂಡಷ್ಟು ಸಲೀಸಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರಲ್ಲಿ ತಂದ ನಿಯಮಗಳ ಪ್ರಕಾರ, ಹೀಗೆ ಸಗಟಾಗಿ ಸಂದೇಶ ಕಳುಹಿಸುವ ಸಂಸ್ಥೆ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ಮೊದಲು ತನ್ನ ಹೆಸರು ನೋಂದಾಯಿಸಬೇಕು, ಬಳಿಕ ಕಳುಹಿಸುವವರ ಗುರುತಾಗಿ ಒಂದು ಹೆಡರ್ ಪಡೆಯಬೇಕು, ಆಮೇಲೆ ಕಳುಹಿಸುವ ಸಂದೇಶದ ಮಾದರಿಯನ್ನೂ ಮೊದಲೇ ಒಪ್ಪಿಸಬೇಕು. 2024ರ ಅಕ್ಟೋಬರ್‌ನಿಂದ ಸಂದೇಶದಲ್ಲಿ ಹಾಕುವ ಲಿಂಕ್ ಕೂಡ ಮೊದಲೇ ನೋಂದಣಿಯಾಗಿರಬೇಕು. ಮೋಸದ ಸಂದೇಶಗಳ ಕಾಟ ನೋಡಿದವರಿಗೆ ಈ ಬಿಗಿ ಯಾಕೆಂದು ತಿಳಿಯುತ್ತದೆ. ಆದರೆ ಬೆಳಗಿನ ಆರು ಗಂಟೆಗೆ ಹೊಸ ಮಾದರಿ ಒಪ್ಪಿಸಿಕೊಂಡು ಕೂರಲು ನಿಮಗೆ ಪುರುಸೊತ್ತಿರುವುದಿಲ್ಲ. ನಿಮ್ಮ ಜೊತೆಗಿರುವ ಕಾಲೇಜು ಪಾಲಕರಿಗೆ ಸಂದೇಶ ಕಳುಹಿಸಲು ಆಗಲೇ ನೋಂದಣಿ ಮಾಡಿಸಿದ್ದರೆ, ಸಹ ಆಯೋಜಕರಾಗಿ ಅವರ ಹೆಸರಿನಲ್ಲೇ ಎರಡು ಮಾದರಿಗಳನ್ನು ಈಗಲೇ ಒಪ್ಪಿಸಿ ಇಟ್ಟುಕೊಳ್ಳಿ: ಒಂದು ನೆನಪೋಲೆ, ಇನ್ನೊಂದು ಸ್ಥಳ-ಸಮಯ ಬದಲಾವಣೆ, ಸ್ಥಳದ ಜಾಗದಲ್ಲಿ ಖಾಲಿ ಬಿಟ್ಟು. ಇಲ್ಲದಿದ್ದರೆ ಈ ದಾರಿ ಬಿಡಿ.

ಎಸ್‌ಎಂಎಸ್ ಕನ್ನಡದಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ, ಮೀರಿದರೆ ಎರಡು ಸಂದೇಶದ ದುಡ್ಡು. ಅಕ್ಷರವನ್ನು ಯಂತ್ರ ಎಣಿಸುವುದೂ ನಮ್ಮಂತಲ್ಲ. ‘ಗೋಷ್ಠಿ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರಕ್ಕೆ ಗ, ಓತ್ವ, ಷ, ವಿರಾಮ, ಠ, ಗುಡಿಸು ಹೀಗೆ ಆರು. ಹಾಗಾಗಿ ‘ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರು ಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ‘ಸ್ಥಳ ಬದಲು. ಬೀಜ ಮೇಳ ಕಾಲೇಜು ಸಭಾಂಗಣದಲ್ಲಿ. ಸಮಯ ಅದೇ: 10 ಗಂಟೆ.’ ತೆರಪು, ಚುಕ್ಕಿ ಎಲ್ಲ ಸೇರಿ ಇದು 56. ಇಷ್ಟು ಸಾಕು. ವಾಟ್ಸ್‌ಆ್ಯಪ್ಪಿನಲ್ಲಿ ಜಾಗ ಧಾರಾಳವಾಗಿದ್ದರೂ ಇದೇ ಸಾಲನ್ನು ಇದೇ ಪದಗಳಲ್ಲಿ ಹಾಕಿ. ಡಂಗುರದವನು ಓಣಿಗೊಂದು ಮಾತು ಹೇಳುತ್ತಿರಲಿಲ್ಲ.

ಎಸ್‌ಎಂಎಸ್ ದಾರಿ ಇಲ್ಲದಿದ್ದರೆ ಗಾಬರಿ ಬೇಡ. ಕೀಪ್ಯಾಡ್ ಗುಡ್ಡೆಯಲ್ಲಿ 120 ಜನ ಇದ್ದಾರೆ ಎಂದುಕೊಳ್ಳೋಣ. ಆರು ಜನ ಸ್ವಯಂಸೇವಕರು, ತಲೆಗೆ 20 ಕರೆ, ಒಂದು ಕರೆಗೆ ಎರಡು ನಿಮಿಷ. ನಲವತ್ತು ನಿಮಿಷದಲ್ಲಿ ಮುಗಿಯಿತು. ಇದನ್ನು ಡಿಜಿಟಲ್ ಅಲ್ಲ ಎಂದು ಹುಡುಗರು ಮೂಗು ಮುರಿಯಬಹುದು. ಆದರೆ ಸುದ್ದಿ ಮುಟ್ಟಿತೋ ಇಲ್ಲವೋ ಎಂಬುದು ಅಲ್ಲಿಯೇ ಖಚಿತವಾಗುವುದು ಫೋನ್ ಕರೆಯಲ್ಲಿ ಮಾತ್ರ, ಮತ್ತು ಹೊಲದಲ್ಲಿರುವ ರೈತನಿಗೆ ಅದಕ್ಕಿಂತ ಒಪ್ಪುವ ವೇದಿಕೆ ಇನ್ನೊಂದಿಲ್ಲ. ಯಾರು ಯಾರಿಗೆ ಕರೆ ಮಾಡಬೇಕು ಎಂಬ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಹಿಂದಿನ ರಾತ್ರಿಯೇ ಆ ಆರು ಜನರ ಜೇಬಿನಲ್ಲಿಡಿ. ಆಯಾ ತಾಲ್ಲೂಕಿನ ಹುಡುಗನೇ ಆಯಾ ತಾಲ್ಲೂಕಿಗೆ ಮಾಡಲಿ. ‘ಕಾಕಾ, ನಾನು ಇಂಥವರ ಮಗ’ ಎಂದರೆ ಅರ್ಧ ನಿಮಿಷದಲ್ಲಿ ಮುಗಿಯುವ ಮಾತು, ಅಪರಿಚಿತ ದನಿಯಾದರೆ ಐದು ನಿಮಿಷ ಹಿಡಿಯುತ್ತದೆ.

ಓದಲು ಬೇಸರಪಡುವವರಿಗೆ ಧ್ವನಿ ಸಂದೇಶ ಒಳ್ಳೆಯದು. ಮೂವತ್ತು ಸೆಕೆಂಡ್ ಮೀರದಂತೆ, ಊರಿಗೆ ಪರಿಚಿತ ದನಿಯಲ್ಲಿ ಮಾಡಿಸಿ. ನಿಮ್ಮ ಅಧ್ಯಕ್ಷರು ಮುದ್ರಿತ ಪತ್ರಿಕೆಯ ಪಕ್ಷದವರಾದರೂ ಇದಕ್ಕೆ ಅವರೇ ತಕ್ಕವರು. ಅದರ ಕೆಳಗೆ ಆ 56ರ ಸಾಲೂ ಇರಲಿ, ಬಸ್ಸಿನ ಗದ್ದಲದಲ್ಲಿ ಧ್ವನಿ ಕೇಳಿಸುವುದಿಲ್ಲ.

ಟೆಲಿಗ್ರಾಂ ಬಗ್ಗೆ ನಿಮ್ಮ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರ ಫೋನಿನಲ್ಲಿ ಅದು ಇದ್ದೇ ಇರುತ್ತದೆ, ನೋಟ್ಸ್‌ಗಳೆಲ್ಲ ಅಲ್ಲಿಯೇ ಓಡಾಡುತ್ತವೆ. ದೊಡ್ಡ ಕಡತ ಹಂಚಲು, ತಡವಾಗಿ ಸೇರಿದವರಿಗೂ ಹಳೆಯ ಸಂದೇಶ ಕಾಣಿಸಲು ಅದು ಅನುಕೂಲ. ಬಂದವರೆಲ್ಲ ವಿದ್ಯಾರ್ಥಿಗಳೇ ಆಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ನಿಮ್ಮ ರೈತರಿಗಾಗಿ ಇನ್ನೊಂದು ಆ್ಯಪ್ ಇಳಿಸಿಕೊಳ್ಳಿ ಎನ್ನುವುದು ಬೇಡ. ಇಮೇಲ್ ಭಾಷಣಕಾರರಿಗೆ ಮತ್ತು ಕಾಲೇಜುಗಳಿಗೆ ಸಾಕು, ಅವರಿಗೆ ಕಚೇರಿಯಲ್ಲಿ ತೋರಿಸಲು ಪತ್ರ ಬೇಕಿರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕರೆಯಲು ಮಾತ್ರ. ಅಲ್ಲಿ ಹಾಕಿದ್ದು ಯಾರಿಗೆ ಯಾವಾಗ ಕಾಣಿಸಬೇಕು ಎಂಬುದು ಅವರ ಯಂತ್ರದ ಇಚ್ಛೆ, ‘ನಾಳೆ ಮೇಳ’ ಎಂದದ್ದು ನಾಡಿದ್ದು ಕಾಣಿಸಿದರೂ ಕೇಳುವವರಿಲ್ಲ. ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವ ಆಸೆ ಇದ್ದರೆ ಚಾನೆಲನ್ನು ವಾರದ ಮೊದಲೇ ಸಜ್ಜು ಮಾಡಿ, ಮೊದಲ ಸಲ ಆ ಸೌಲಭ್ಯ ತೆರೆಯಲು 24 ಗಂಟೆ ಹಿಡಿಯಬಹುದು.

ಹೆಸರು ನೋಂದಾಯಿಸದೆ ಬರುವ ಜನರ ಮಾತು ಬೇರೆ. ಧಾರವಾಡದ ಕೃಷಿ ಮೇಳಕ್ಕೆ, 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನಕ್ಕೆ ಬಂದವರಲ್ಲಿ ಹೆಚ್ಚಿನವರು ಸುಮ್ಮನೆ ಹೊರಟು ಬಂದವರು. ಅಂಥವರ ಫೋನ್ ಸಂಖ್ಯೆ ಯಾರ ಬಳಿಯೂ ಇರುವುದಿಲ್ಲ. ನಿಮ್ಮ ಮೇಳಕ್ಕೂ ಅಂಥವರು ಬರಲಿ ಎಂದಿದ್ದರೆ ಸ್ಥಳೀಯ ಪತ್ರಿಕೆ ಮತ್ತು 1950ರಿಂದ ದನಿ ಎತ್ತುತ್ತಿರುವ ಧಾರವಾಡ ಆಕಾಶವಾಣಿಯ ಕೃಷಿ ಕಾರ್ಯಕ್ರಮದ ಕಡೆ ತಿರುಗಿ, ಮೊಬೈಲ್ ಕೆಳಗಿಡಿ.

ಈಗ ಹುಡುಗರ ಆ್ಯಪ್. ಅವರ ಉತ್ಸಾಹಕ್ಕೆ ತಣ್ಣೀರು ಹಾಕುವ ಮನಸ್ಸಿಲ್ಲ, ಆದರೆ ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತಾಗಬಾರದು. ಎರಡು ದಿನದ ಕೆಲಸಕ್ಕೆ ಯಾರು ಆ್ಯಪ್ ಇಳಿಸಿಕೊಳ್ಳುತ್ತಾರೆ? ಹೆಚ್ಚಿನವರ ಫೋನಿನಲ್ಲಿ ಜಾಗವೇ ಇರುವುದಿಲ್ಲ, ಮದುವೆಯ ವಿಡಿಯೊ ಅಳಿಸಿ ನಿಮ್ಮ ಆ್ಯಪ್ ಹಾಕಿಕೊಳ್ಳುವ ರೈತನನ್ನು ನಾನು ಕಂಡಿಲ್ಲ. ವೈದ್ಯರ ಸಮ್ಮೇಳನದಂತೆ ಮೂರ್ನಾಲ್ಕು ದಿನ, ಒಂದೇ ಹೊತ್ತಿಗೆ ಐದಾರು ಗೋಷ್ಠಿ, ಎಲ್ಲರೂ ಶುಲ್ಕ ಕಟ್ಟಿದ ಪ್ರತಿನಿಧಿಗಳು ಎಂಬಂಥ ಕಡೆ ಆ್ಯಪ್‌ಗೆ ಅರ್ಥವಿದೆ. ನಿಮ್ಮ ಹುಡುಗರಿಗೆ ಅದರ ಬದಲು ಒಂದು ಪುಟ ಮಾಡಲು ಹೇಳಿ. ಗೂಗಲ್ ಸೈಟ್ಸ್‌ನಲ್ಲಿ ದುಡ್ಡಿಲ್ಲದೆ ಆಗುತ್ತದೆ. ಒಂದೇ ಪುಟ, ಒಂದೇ ವಿಳಾಸ: ಮೇಲೆ ಇವತ್ತಿನ ಸ್ಥಳ ಮತ್ತು ಸಮಯ, ಕೆಳಗೆ ನಕ್ಷೆ, ಕಾರ್ಯಕ್ರಮ ಪಟ್ಟಿ, ಕಮ್ಯುನಿಟಿ ಸೇರುವ ಲಿಂಕ್, ಕರೆ ಮಾಡುವ ಸಂಖ್ಯೆ. ಎಲ್ಲಿ ಏನೇ ಹಾಕಿದರೂ ಈ ವಿಳಾಸಕ್ಕೆ ತಂದು ಬಿಡಿ. ಬದಲಾವಣೆ ಬಂದರೆ ಮೊದಲು ಇಲ್ಲಿ ತಿದ್ದಿ, ಆಮೇಲೆ ಡಂಗುರ.

ಅಧ್ಯಕ್ಷರಿಗೆ ಜಯವಾಗುವುದು ಇಲ್ಲಿಯೇ. ಮುದ್ರಣಕ್ಕೆ ಹೆಸರಾದ ಊರಿನಲ್ಲಿ ಕುಳಿತು ಪತ್ರಿಕೆ ಬೇಡ ಎನ್ನುವುದು ಹೇಗೆ? ಆಮಂತ್ರಣ ಪತ್ರಿಕೆ ಮನೆಯ ಗೋಡೆಗೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಕೊಂಡು ತಿಂಗಳಾದರೂ ಇರುತ್ತದೆ. ಅದರ ಮೇಲೆ ಕ್ಯುಆರ್ ಕೋಡ್ ಹಾಕಿ, ಆದರೆ ಅದು ಆ ಪುಟದ ವಿಳಾಸವನ್ನು ನೇರವಾಗಿ ತೋರಿಸುವ ಸಾದಾ ಕೋಡ್ ಆಗಿರಲಿ. ಒಮ್ಮೆ ನಾನು ‘ಉಚಿತ’ ಎಂದು ಬರೆದುಕೊಂಡಿದ್ದ ಒಂದು ತಾಣದಲ್ಲಿ ಕೋಡ್ ಮಾಡಿಸಿ ಎರಡು ಸಾವಿರ ಪತ್ರಿಕೆ ಹಂಚಿದ್ದೆ. ಅದು ತಾಣದವರ ಮೂಲಕ ಸುತ್ತು ಹಾಕಿ ಹೋಗುವ ಕೋಡ್, ಎರಡೇ ವಾರದ ಪರೀಕ್ಷಾ ಅವಧಿ ಎಂಬುದು ಗೊತ್ತಾದದ್ದು ಸ್ಕ್ಯಾನ್ ಮಾಡಿದವರಿಗೆ ‘ಮುಂದುವರಿಸಲು ಹಣ ಪಾವತಿಸಿ’ ಎಂಬ ಪುಟ ಕಂಡಾಗ. ಕಾರ್ಯಕ್ರಮಕ್ಕೇ ಪ್ರವೇಶ ಶುಲ್ಕ ಇಟ್ಟಿದ್ದಾರೆ ಎಂದು ಕೆಲವರು ತಿಳಿದುಕೊಂಡರು. ಕೋಡ್‌ನ ಪಕ್ಕ ದೊಡ್ಡ ಅಂಕಿಗಳಲ್ಲಿ ಫೋನ್ ಸಂಖ್ಯೆಯೂ ಇರಲಿ, ಕೋಡ್ ಎಂದರೆ ಚಿತ್ತಾರ ಎಂದುಕೊಳ್ಳುವವರು ಇನ್ನೂ ಇದ್ದಾರೆ.

ನೋಂದಣಿಗೆ ಗೂಗಲ್ ಫಾರ್ಮ್ ಸಾಕು. ಎರಡು ಗುಂಡಿಗಳ ಮೇಲೆ ಕಣ್ಣಿಡಿ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಫಾರ್ಮ್ ಗೂಗಲ್ ಖಾತೆಗೆ ಲಾಗಿನ್ ಕೇಳುತ್ತದೆ, ಕಡತ ಲಗತ್ತಿಸಿ ಎಂದರೂ ಕೇಳುತ್ತದೆ. ಒಂದೇ ಫೋನಿನಿಂದ ಅಪ್ಪ, ಮಗ, ಪಕ್ಕದ ಹೊಲದವರು ಮೂವರೂ ಹೆಸರು ಬರೆಸುವುದು ನಮ್ಮಲ್ಲಿ ಸಹಜ. ಎರಡನ್ನೂ ಆಫ್ ಮಾಡಿಡಿ.

ಮೇಳದ ಅಂಗಳದೊಳಗೆ ಬಂದ ಮೇಲೆ ಫೋನನ್ನು ನೆಚ್ಚಬೇಡಿ. ಜನ ಒಂದೇ ಕಡೆ ಕೂಡಿದರೆ ನೆಟ್‌ವರ್ಕ್ ಏದುಸಿರು ಬಿಡುತ್ತದೆ. ಮೈಕು, ಗೇಟಿನ ಬಳಿ ಒಂದು ದೊಡ್ಡ ಫಲಕ, ಅದರಲ್ಲಿ ಈ ಹೊತ್ತಿನ ಗೋಷ್ಠಿ ಯಾವುದು, ಎಲ್ಲಿ ಎಂಬ ಎರಡು ಸಾಲು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದ. ಅಷ್ಟು ಉದ್ದವಿರುವುದಕ್ಕೇ ಬೋಗಿ ಎಲ್ಲಿ ನಿಲ್ಲುತ್ತದೆ ಎಂಬ ಸಣ್ಣ ಫಲಕ ನೋಡದವನು ಮೂಟೆ ಹೊತ್ತು ಓಡಬೇಕಾಗುತ್ತದೆ.

ಡಂಗುರದ ಕೋಲು ಒಬ್ಬರ ಕೈಯಲ್ಲಿರಬೇಕು. ಕಾರ್ಯದರ್ಶಿ ಹತ್ತು ಗಂಟೆ ಎಂದು, ಖಜಾಂಚಿ ಹತ್ತೂವರೆ ಎಂದು, ಪ್ರಾಂಶುಪಾಲರು ‘ಉಪಾಹಾರ ಒಂಬತ್ತಕ್ಕೆ’ ಎಂದು ಬೇರೆಬೇರೆಯಾಗಿ ಹಾಕಿದರೆ ಯಾವ ವೇದಿಕೆಯೂ ನಿಮ್ಮನ್ನು ಉಳಿಸುವುದಿಲ್ಲ. ಬರೆಯುವವರು ನೀವು, ನಿಮಗೆ ಜ್ವರ ಬಂದರೆ ಇನ್ನೊಬ್ಬರು, ಅಷ್ಟೇ. ಇಬ್ಬರಿಗೂ ಅಡ್ಮಿನ್ ಅಧಿಕಾರ ಮೊದಲೇ ಇರಲಿ. ಕಳುಹಿಸುವ ಹೊತ್ತೂ ಮುಖ್ಯ: ರೈತರಿಗೆ ಸಂಜೆ ಏಳರಿಂದ ಎಂಟು, ವಿದ್ಯಾರ್ಥಿಗಳಿಗೆ ರಾತ್ರಿ ಒಂಬತ್ತರ ಮೇಲೆ. ವಾರಕ್ಕೆ ಒಂದು ಸಂದೇಶ, ಕೊನೆಯ ಮೂರು ದಿನ ದಿನಕ್ಕೊಂದು. ಅದಕ್ಕಿಂತ ಹೆಚ್ಚು ಬಾರಿಸಿದ ಹಲಗೆ ಕಿವಿಗೆ ರೂಢಿಯಾಗಿಬಿಡುತ್ತದೆ.

ಮೇಳ ಮುಗಿದ ಮೇಲೆ ಒಂದು ಪ್ರಸಂಗ ಎದುರಾಗುತ್ತದೆ, ಈಗಲೇ ತಯಾರಿರಿ. ಪ್ರಾಯೋಜಕರೊಬ್ಬರು ಬಂದು, ‘ಆ 700 ಸಂಖ್ಯೆಗಳ ಪಟ್ಟಿ ಕೊಡಿ, ಮುಂದಿನ ವರ್ಷ ಇನ್ನೂ ದೊಡ್ಡ ಮಟ್ಟದಲ್ಲಿ ನೆರವಾಗುತ್ತೇವೆ’ ಎನ್ನುತ್ತಾರೆ. ಕೊಡಬೇಡಿ. ಜನ ಸಂಖ್ಯೆ ಕೊಟ್ಟದ್ದು ಮೇಳದ ಸುದ್ದಿಗೆ, ಗೊಬ್ಬರದ ಜಾಹೀರಾತಿಗಲ್ಲ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೀರೋ ಅದಕ್ಕೇ ಬಳಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಹೌದು. ಅರ್ಜಿಯಲ್ಲೇ ‘ಈ ಸಂಖ್ಯೆಯನ್ನು ಮೇಳದ ಮಾಹಿತಿಗೆ ಮಾತ್ರ ಬಳಸುತ್ತೇವೆ’ ಎಂದು ಬರೆದುಬಿಡಿ. ಪ್ರಾಯೋಜಕರಿಗೆ ಇಲ್ಲ ಎನ್ನಲು ನಿಮಗೂ ಒಂದು ನೆಪ ಸಿಗುತ್ತದೆ. ಮುಂದಿನ ವರ್ಷದ ಕರೆ ಬೇಕೆನ್ನುವವರನ್ನು ಕೇಳಿ ಉಳಿಸಿಕೊಂಡು ಮಿಕ್ಕ ಪಟ್ಟಿ ಅಳಿಸಿ.

ಕೊನೆಯದಾಗಿ, ಮೇಳಕ್ಕೆ ಒಂದು ವಾರ ಇರುವಾಗ ಒಂದು ತಾಲೀಮು ಮಾಡಿ. ಸಂಜೆ ಏಳಕ್ಕೆ ತಾಲ್ಲೂಕು ಗುಂಪುಗಳಲ್ಲಿ ‘ಇದು ಪರೀಕ್ಷೆ, ನೋಡಿದವರು ಹೆಬ್ಬೆರಳು ಒತ್ತಿ’ ಎಂದು ಹಾಕಿ. ಮರುದಿನ ಬೆಳಿಗ್ಗೆ ಆ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಎಂಬುದು ಕಾಣುತ್ತದೆ. ನೀಲಿ ಗುರುತನ್ನು ಆಫ್ ಮಾಡಿಟ್ಟವರೂ ಗುಂಪಿನಲ್ಲಿ ತಪ್ಪಿಸಿಕೊಳ್ಳಲಾರರು. ಹನ್ನೆರಡು ಗಂಟೆ ಕಳೆದರೂ ಓದದವರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳಿ, ಸ್ಮಾರ್ಟ್‌ಫೋನ್ ಇದ್ದರೂ ಅವರನ್ನು ಕೀಪ್ಯಾಡ್ ಗುಡ್ಡೆಗೆ ಸೇರಿಸಿ, ಕರೆ ಮಾಡುವ ಆ ಆರು ಜನರ ಪಟ್ಟಿಯನ್ನು ಹೊಸದಾಗಿ ಮುದ್ರಿಸಿ. ಆರು ಜನ ಸಾಲದೆ ಎಂಟು ಜನ ಬೇಕಾಗಬಹುದು, ಸಮಿತಿಯ ಆ್ಯಪ್ ಪಕ್ಷದ ಹುಡುಗರು ಖಾಲಿ ಇದ್ದಾರಲ್ಲ.